ಕ್ರೂಸ್ ಹಡಗಿನ ಕೆಳ ಅಂತಸ್ತುಗಳಲ್ಲಿ: ಹುಬ್ಬಳ್ಳಿಯಿಂದ ಮುಂಬೈ, ಅಲ್ಲಿಂದ ಗೋವಾ

ಮೊದಲ ದಿನ: ಹುಬ್ಬಳ್ಳಿ

ಕ್ರೂಸ್ ಹಡಗಿಗೆ ಹೋದವರು ಈಜುಕೊಳ, ರಂಗಮಂದಿರ, ಉದ್ದನೆಯ ಬಫೆ ಸಾಲಿನ ಫೋಟೊ ಹಿಡಿದುಕೊಂಡು ಬರುತ್ತಾರೆ. ಹುಬ್ಬಳ್ಳಿಯ ಕೇಶ್ವಾಪುರದಿಂದ ಹೊರಟ ನಮ್ಮ ಗುಂಪಿಗೆ ಬೇಕಾದದ್ದು ಅದರ ಕೆಳಗಿನ ಅಂತಸ್ತುಗಳು. ಅಷ್ಟು ಜನರಿಗೆ ಅಡುಗೆ ಎಲ್ಲಿ ಆಗುತ್ತದೆ, ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ, ಹಾಸಿಗೆ ಬಟ್ಟೆ ಯಾರು ಒಗೆಯುತ್ತಾರೆ ಎಂಬುದು. ಗುಂಪಿನಲ್ಲಿದ್ದವರೂ ಅದಕ್ಕೆ ತಕ್ಕವರೇ. ಹುಬ್ಬಳ್ಳಿಯ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಕಾಕಾ, ಧಾರವಾಡದಲ್ಲಿ ಖಾನಾವಳಿ ನಡೆಸುವ ಅಕ್ಕ, ಹಾವೇರಿಯಲ್ಲಿ ಲಾಂಡ್ರಿ ಇಟ್ಟುಕೊಂಡಿರುವ ಅಕ್ಕನ ತಮ್ಮ, ಉಳಿದವರು ನೆರೆಹೊರೆಯವರು.

ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಬೇಕಾದ ಒಂದು ಮಾತಿದೆ. ಒಳಭಾಗ ತೋರಿಸುವ ಟೂರ್ ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಇದ್ದರೂ ಸಾಮಾನ್ಯವಾಗಿ ಅದಕ್ಕೆ ಬೇರೆ ಹಣ, ಜಾಗವೂ ಕಡಿಮೆ. ಜೊತೆಗೆ ಪೂರ್ತಿ ಒಂದು ಹಗಲು ಸಮುದ್ರದಲ್ಲೇ ಕಳೆಯುವ ಪಯಣ ಬೇಕು. ಸಂಜೆ ಮುಂಬೈ ಬಿಟ್ಟು ಮರುದಿನ ಬೆಳಿಗ್ಗೆಯೇ ಗೋವಾ ಮುಟ್ಟುವ ಹಡಗಿನಲ್ಲಿ ಇದಕ್ಕೆ ಪುರಸೊತ್ತೇ ಇರುವುದಿಲ್ಲ. ಕ್ಯಾಬಿನ್ ಆರಿಸುವಾಗ ಹಡಗಿನ ಉದ್ದಕ್ಕೆ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ, ಅಂದರೆ ಅಂತಸ್ತಿನಲ್ಲಿ, ಕೇಳಿ. ಓಲಾಟ ಮೂತಿಯಲ್ಲಿ, ಹಿಂತುದಿಯಲ್ಲಿ, ಎತ್ತರದಲ್ಲಿ ಹೆಚ್ಚು; ನಡುವೆ, ಕೆಳಗೆ ಕಡಿಮೆ. ದುಡ್ಡು ಹೆಚ್ಚು ಕೊಟ್ಟು ಮೇಲಿನ ಬಾಲ್ಕನಿ ಹಿಡಿದವರೇ ವಾಂತಿ ಮಾಡಿಕೊಳ್ಳುವುದು ಹೆಚ್ಚು.

ಮಳೆಗಾಲ ಮುಗಿದು ಕಾರ್ತಿಕವೂ ಕಳೆದಿತ್ತು. ಅರಬ್ಬಿ ಸಮುದ್ರ ಮೆತ್ತಗಾಗುವ ಹೊತ್ತು ಅದು. ದಾದರ್ ಕಡೆಯ ರಾತ್ರಿ ರೈಲು ಬೆಳಗಾವಿ ದಾಟುವಷ್ಟರಲ್ಲಿ ಅಕ್ಕ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಜುಣಕದ ವಡಿಗಳಲ್ಲಿ ಅರ್ಧ ಖಾಲಿ. ಉಳಿದರ್ಧ ಹಡಗಿಗೆಂದು ಎತ್ತಿಟ್ಟರು.

ಎರಡನೆಯ ದಿನ: ಮುಂಬೈ ಬಂದರು

ದಾದರಿನಿಂದ ಟ್ಯಾಕ್ಸಿ ಹಿಡಿದು ಬ್ಯಾಲಾರ್ಡ್ ಪಿಯರ್. ದೊಡ್ಡ ಬ್ಯಾಗುಗಳಿಗೆ ಕ್ಯಾಬಿನ್ ಸಂಖ್ಯೆಯ ಚೀಟಿ ಕಟ್ಟಿ ಒಯ್ಯುತ್ತಾರೆ. ಅವು ಕೈಗೆ ಸಿಗುವುದು ಸಂಜೆಗೇ. ಔಷಧಿ, ಒಂದು ಜೊತೆ ಬಟ್ಟೆ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ.

ತಪಾಸಣೆಯಲ್ಲಿ ಕಾಕಾನ ಬ್ಯಾಗು ನಿಂತಿತು. ಒಳಗೆ ಚಹಾದ ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡು. ಮೂರನ್ನೂ ಎತ್ತಿಟ್ಟುಕೊಂಡು ರಸೀದಿ ಕೊಟ್ಟರು, ಇಳಿಯುವಾಗ ಮರಳಿ ಪಡೆಯಬೇಕು. ಅಕ್ಕನ ರೊಟ್ಟಿ ಗಂಟೂ ಅಲ್ಲೇ ಉಳಿಯಿತು. ಮನೆಯಲ್ಲಿ ಬೇಯಿಸಿದ ತಿನಿಸು ಬಿಡುವುದಿಲ್ಲ, ಅಂಗಡಿಯ ಸೀಲ್ ಇರುವ ಪೊಟ್ಟಣವಾದರೆ ಅಡ್ಡಿಯಿಲ್ಲ ಎಂದರು. ಅಕ್ಕನಿಗೆ ಬೇಸರವಾದದ್ದು ಸಹಜ. ಆದರೆ ಎರಡಕ್ಕೂ ಗಟ್ಟಿ ಕಾರಣವಿದೆ. ಕಾಯಿಲ್ ಬಿಸಿಯಾಗುವ ಸಾಮಾನು ಮರೆತು ಬಿಟ್ಟರೆ ಕ್ಯಾಬಿನ್ನಿಗೆ ಬೆಂಕಿ. ನಡುಸಮುದ್ರದಲ್ಲಿ ಅಗ್ನಿಶಾಮಕದ ಗಾಡಿ ಬರುವುದಿಲ್ಲ. ಊಟ ಬಡಿಸುವ, ಹಾಸಿಗೆ ಹಾಸುವ ಅದೇ ಹುಡುಗರು ಉಸಿರಾಟದ ಸಿಲಿಂಡರ್ ಬೆನ್ನಿಗೇರಿಸಿ ಬೆಂಕಿಗೆ ಇಳಿಯಬೇಕು. ಇನ್ನು ಊಟದಿಂದ ಹೊಟ್ಟೆ ಕೆಟ್ಟರೆ ಅದು ಹಡಗಿನ ಅಡುಗೆಯಿಂದಲೋ ಹೊರಗಿನದರಿಂದಲೋ ತಿಳಿಯದಂತಾಗುತ್ತದೆ.

ಹತ್ತಿದ ಕೂಡಲೇ ಎಲ್ಲರೂ ಊಟದ ಡೆಕ್ಕಿಗೆ ಓಡುತ್ತಾರೆ. ಆಗ ನೀವು ರಿಸೆಪ್ಷನ್ನಿಗೆ ಹೋಗಿ ಟೂರಿಗೆ ಹೆಸರು ಬರೆಸಿ. ಬೆರಳು ಮುಚ್ಚುವ, ಅಡಿ ಜಾರದ ಬೂಟು ಬೇಕೇ ಬೇಕು, ಚಪ್ಪಲಿ ನಡೆಯುವುದಿಲ್ಲ. ಸೀರೆ ಉಡುವವರಿಗೆ ಆ ಒಂದು ಹೊತ್ತಿಗೆ ಚೂಡಿದಾರ ಒಳ್ಳೆಯದು, ಕಬ್ಬಿಣದ ಏಣಿಮೆಟ್ಟಿಲು ಕಡಿದಾಗಿರುತ್ತವೆ. ಹಲವು ಕಡೆ ಫೋಟೊ ತೆಗೆಯಲು ಬಿಡುವುದಿಲ್ಲ.

ಮಧ್ಯಾಹ್ನ ಡೆಕ್ಕಿನ ಅಂಚಿನಿಂದ ಕೆಳಗೆ ನೋಡಿದರೆ ಟೂರಿನ ಮೊದಲ ಪಾಠ ಪುಕ್ಕಟೆ. ಹಡಗಿನ ಮಗ್ಗುಲಲ್ಲಿ ನೀರಿಗೆ ಕೆಲವೇ ಅಡಿ ಮೇಲೆ ದೊಡ್ಡ ಕಬ್ಬಿಣದ ಬಾಗಿಲು ತೆರೆದಿತ್ತು. ಲಾರಿಯಿಂದ ಇಳಿದ ಸರಕನ್ನು ಫೋರ್ಕ್‌ಲಿಫ್ಟ್ ಒಳಗೆ ತಳ್ಳುತ್ತಿತ್ತು. ಬಾಗಿಲಲ್ಲೇ ಒಬ್ಬ ಹಾಲು, ಮಾಂಸದ ಪೆಟ್ಟಿಗೆಗಳ ಉಷ್ಣಾಂಶ ನೋಡಿ ಬರೆದುಕೊಳ್ಳುತ್ತಿದ್ದ. ಮಿತಿ ಮೀರಿದ್ದು ಲಾರಿಗೇ ವಾಪಸ್ಸು. ತರಕಾರಿಯನ್ನು ರಟ್ಟಿನ ಡಬ್ಬದಿಂದ ತೆಗೆದು ಪ್ಲಾಸ್ಟಿಕ್ ಕ್ರೇಟಿಗೆ ಸುರಿದು ರಟ್ಟನ್ನು ಹೊರಗೇ ಬಿಡುತ್ತಿದ್ದರು. ರಟ್ಟಿನ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇರುತ್ತವೆ. ಒಂದು ಸಲ ಹಡಗಿನ ಅಡುಗೆಮನೆಗೆ ಹೊಕ್ಕರೆ ಬೆಚ್ಚಗಿನ ಗೋಡೆಸಂದು ಬಿಟ್ಟು ಅವು ಹೊರಡುವುದೇ ಇಲ್ಲ. ಅಕ್ಕ ಇದನ್ನು ಬಹಳ ಹೊತ್ತು ನೋಡುತ್ತ ನಿಂತರು. ಅವರ ಖಾನಾವಳಿಯಲ್ಲಿ ಎಣ್ಣೆ, ಬಿಸ್ಕೀಟಿನ ರಟ್ಟಿನ ಡಬ್ಬಗಳೆಲ್ಲ ಒಲೆಯ ಹಿಂದೆಯೇ ಪೇರಿಸಿರುತ್ತವೆ.

ಹೊರಡುವ ಮೊದಲು ಸುರಕ್ಷಾ ಕವಾಯತು. ಏಳು ಚಿಕ್ಕ, ಒಂದು ಉದ್ದ ಸೀಟಿ ಕೇಳಿದರೆ ನಿಮ್ಮ ಕಾರ್ಡಿನಲ್ಲಿ ಬರೆದ ಜಾಗಕ್ಕೆ ಹೋಗಿ ಸೇರಬೇಕು. 2012ರಲ್ಲಿ ಇಟಲಿಯ ದಂಡೆಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ ಮಗುಚಿದಾಗ ಅಂದೇ ಹತ್ತಿದ್ದ ಎಷ್ಟೋ ಜನರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬದಲಾಯಿತು, ಈಗ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಿಸಲೇಬೇಕು. ಮೊಬೈಲಿನಲ್ಲಿ ಮುಳುಗಿ ಇದನ್ನು ತಪ್ಪಿಸಬೇಡಿ. ಮೆಟ್ಟಿಲಿನ ದಾರಿಯನ್ನು ಒಮ್ಮೆ ನಡೆದು ನೋಡಿಕೊಳ್ಳಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ.

ಕತ್ತಲಾಗುವ ಹೊತ್ತಿಗೆ ಕೊಲಾಬಾ ತುದಿಯ ಪ್ರಾಂಗ್ಸ್ ದೀಪಸ್ತಂಭ ಮಿನುಗಿತು. ಹಡಗಿಗೆ ದಾರಿ ತೋರಿಸಿ ಬಂದರಿನಿಂದ ಹೊರಗೆ ದಾಟಿಸುವ ಪೈಲಟ್ ಹಗ್ಗದ ಏಣಿಯಲ್ಲಿ ಇಳಿದು ಚಿಕ್ಕ ದೋಣಿಗೆ ಕಾಲಿಟ್ಟರು. ಅವರು ಇಳಿಯುವ ಮಗ್ಗುಲಿಗೆ ಗಾಳಿ, ಅಲೆ ಬಡಿಯದಂತೆ ಹಡಗು ಸ್ವಲ್ಪ ತಿರುಗಿ ಮರೆಯಾಗಿ ನಿಲ್ಲುತ್ತದೆ. ಈ ಕೆಲಸ ನೋಡಬೇಕೆಂದರೆ ಹೊರಟ ಮೇಲೆ ಡೆಕ್ಕಿನಲ್ಲಿ ಕಾದು ನಿಲ್ಲಬೇಕು, ಯಾರೂ ಕರೆದು ತೋರಿಸುವುದಿಲ್ಲ.

ಮೂರನೆಯ ದಿನ: ಪೂರ್ತಿ ಸಮುದ್ರ

ಬೆಳಿಗ್ಗೆ ಎದ್ದಾಗ ನಮ್ಮ ಓಣಿಯ ಒಂದೂ ಕ್ಯಾಬಿನ್ನಿನಲ್ಲಿ ಸಂಡಾಸದ ಫ್ಲಶ್ ಆಗುತ್ತಿರಲಿಲ್ಲ. ಒಂದು ತಾಸಿನ ಪರದಾಟದ ನಂತರ ಸರಿಹೋಯಿತು. ಯಾರೋ ಒದ್ದೆ ಟಿಶ್ಯೂ ಹಾಕಿದ್ದು ಕೊಳವೆಯ ಬಾಗಿನಲ್ಲಿ ಸಿಕ್ಕಿಕೊಂಡಿತ್ತು. ಹಡಗಿನ ಸಂಡಾಸ ನೀರಿನ ಒತ್ತಡದಿಂದಲ್ಲ, ಗಾಳಿ ಎಳೆತದಿಂದ ಕೆಲಸ ಮಾಡುತ್ತದೆ. ಕೊಳವೆಯೊಳಗೆ ಪಂಪು ನಿರ್ವಾತ ಹಿಡಿದಿಟ್ಟಿರುತ್ತದೆ, ಗುಂಡಿ ಒತ್ತಿದಾಗ ಕವಾಟ ತೆರೆದು ಎಲ್ಲವನ್ನೂ ಸೆಳೆದುಕೊಳ್ಳುತ್ತದೆ. ಆದ್ದರಿಂದ ಒಂದು ಸಲಕ್ಕೆ ಲೀಟರಿನಷ್ಟು ನೀರು ಸಾಕು. ಆದರೆ ಒಂದೇ ಕೊಳವೆಗೆ ಹತ್ತಾರು ಕ್ಯಾಬಿನ್ ಜೋಡಿಸಿರುವುದರಿಂದ ಒಬ್ಬರು ಮಾಡಿದ್ದು ಇಡೀ ಓಣಿಗೆ ತಟ್ಟುತ್ತದೆ. ಸಾದಾ ಕಾಗದ ಬಿಟ್ಟು ಏನನ್ನೂ ಹಾಕಬಾರದು.

ಹತ್ತು ಗಂಟೆಗೆ ಟೂರ್ ಶುರು. ಕಾರ್ಪೆಟ್ ಹಾಸಿದ ಮೊಗಸಾಲೆಯ ಮೂಲೆಯಲ್ಲಿ ‘ಸಿಬ್ಬಂದಿಗೆ ಮಾತ್ರ’ ಎಂಬ ಬಾಗಿಲು ತಳ್ಳಿದರೆ ಬಿಳಿ ಬಣ್ಣದ ಕಬ್ಬಿಣದ ಗೋಡೆ, ತಲೆಯ ಮೇಲೆ ಕೊಳವೆ, ಕೇಬಲ್ಲು. ಮೂತಿಯಿಂದ ಬಾಲದವರೆಗೆ ಒಂದೇ ನೇರ ಓಣಿ. ಅಮೆರಿಕದ ಹಡಗುಗಳಲ್ಲಿ ಇದನ್ನು ‘ಐ-95’ ಎನ್ನುತ್ತಾರೆ, ಬ್ರಿಟಿಷರ ಹಡಗುಗಳಲ್ಲಿ ‘ಬರ್ಮಾ ರೋಡ್’. ಸರಕಿನ ಗಾಡಿ, ಒಗೆದ ಬಟ್ಟೆ, ಪಾಳಿ ಬದಲಿಸುವ ಹುಡುಗರು ಎಲ್ಲವೂ ಇಲ್ಲೇ ಓಡಾಡಬೇಕು. ಮಧ್ಯೆ ಮಧ್ಯೆ ದಪ್ಪ ಜಾರುಬಾಗಿಲುಗಳಿವೆ. ನೀರು ನುಗ್ಗಿದರೆ ಆ ಒಂದು ಭಾಗಕ್ಕಷ್ಟೇ ತಡೆಯುವ ಬಾಗಿಲು ಇವು. ಹೈಡ್ರಾಲಿಕ್ ಬಲದಲ್ಲಿ ಮುಚ್ಚುವಾಗ ನಡುವೆ ಸಿಕ್ಕ ಕೈಕಾಲನ್ನು ಬಿಡುವುದಿಲ್ಲ. ಪೂರ್ತಿ ತೆರೆದ ಮೇಲೆಯೇ ದಾಟಬೇಕು, ಗಂಟೆ ಬಾರಿಸುತ್ತಿದ್ದರೆ ದಾಟಲೇಬಾರದು. ಇದು ಸಿಬ್ಬಂದಿಗೆ ಕಲಿಸುವ ಮೊದಲ ಮಾತುಗಳಲ್ಲೊಂದು, ನಮಗೂ ಅದನ್ನೇ ಹೇಳಿದರು.

ಉಗ್ರಾಣ ಅಡುಗೆಮನೆಗಿಂತ ಕೆಳಗೆ. ಮಾಂಸ, ಮೀನು, ಹಾಲು, ತರಕಾರಿ, ಹಣ್ಣು, ಪ್ರತಿಯೊಂದಕ್ಕೂ ಬೇರೆ ಶೀತಕೋಣೆ. ಹೆಪ್ಪುಗಟ್ಟಿಸುವ ಕೋಣೆ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗೆ, ಸೊಪ್ಪು–ತರಕಾರಿಯದು 4ರ ಆಸುಪಾಸು. ಬಾಳೆ, ಸೇಬುಗಳನ್ನು ಸೊಪ್ಪಿನ ಜೊತೆ ಇಡುವುದಿಲ್ಲ. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಪ್ರತಿ ಶೀತಕೋಣೆಯ ಬಾಗಿಲು ಒಳಗಿನಿಂದಲೂ ತೆರೆಯಲೇಬೇಕು, ಒಳಗೆ ಅಪಾಯದ ಗುಂಡಿ ಇರಲೇಬೇಕು. ಹಳೆಯದು ಮುಂದೆ, ಹೊಸದು ಹಿಂದೆ ಎಂಬ ಕ್ರಮದಲ್ಲಿ ಪ್ರತಿ ಕ್ರೇಟಿಗೂ ತಾರೀಖಿನ ಚೀಟಿ.

ಒಣ ಸಾಮಾನಿನ ಕೋಣೆಯಲ್ಲಿ ಗುರುತಿನ ವಾಸನೆ ಬಂತು. ಸೀಲ್ ಮಾಡಿದ ಡಬ್ಬಿಗಳ ಸಾಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಕಡುಗೆಂಪು. ಎಲ್ಲ ಊರಿನ ನಾಲಿಗೆಗೂ ಒಗ್ಗಬೇಕಾದ, ನೋಡಲು ಕೆಂಪಗಿರಬೇಕಾದ ಪಲ್ಯಕ್ಕೆ ಇದೇ ಸರಿ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಬೆಳೆ ಇದು. ಕಡಲ ಗಾಳಿಯ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಬೆಳಕು–ಬಿಸಿ ತಾಗಿದರೆ ಬಣ್ಣ ಮಾಸುತ್ತದೆ. ಅದಕ್ಕೇ ಕತ್ತಲೆಯ ತಂಪು ಕೋಣೆ, ಬಿಗಿ ಮುಚ್ಚಳ. ಅಲ್ಲಿ ಚೀಟಿ ಅಂಟಿಸುತ್ತಿದ್ದ ಹುಡುಗ ನಮ್ಮ ಮಾತು ಕೇಳಿ ಕತ್ತೆತ್ತಿದ. ಅವನೂ ಬ್ಯಾಡಗಿ ಕಡೆಯವನೇ.

“ಯಾವೂರ್ರೀ ನಿಮ್ದು?” ಎಂದ.

“ಹುಬ್ಬಳ್ಳಿ, ಧಾರವಾಡ, ಹಾವೇರಿ, ಎಲ್ಲಾ ಕೂಡೇ ಬಂದೇವಪ್ಪಾ” ಎಂದರು ಅಕ್ಕ. ಮೇಲಿನವರ ಒಪ್ಪಿಗೆ ಪಡೆದು ಅಡುಗೆಮನೆಯವರೆಗೆ ಅವನೂ ಜೊತೆಗೆ ಬಂದ. ಹಿಂದಿಯಲ್ಲಿ ಹೇಳುತ್ತಿದ್ದ ಶೆಫ್ ಮಾತನ್ನು ಹಿರಿಯರಿಗೆ ಬಿಡಿಸಿ ಹೇಳಿದವನು ಅವನೇ.

ಹಡಗಿನವರು ಅಡುಗೆಮನೆಗೆ ‘ಗ್ಯಾಲಿ’ ಎನ್ನುತ್ತಾರೆ. ನೆಲ, ಗೋಡೆ, ಮೇಜು ಎಲ್ಲ ತೊಳೆಯಲು ಬರುವಂಥದ್ದು, ಮೂಲೆಗಳೆಲ್ಲ ದುಂಡಗೆ, ಕೊಳೆ ಕೂರಬಾರದು ಎಂದು. ಒಲೆಗಳ ಸುತ್ತ ಬೆರಳು ದಪ್ಪದ ಸರಳು ಅಡ್ಡ ಹಾಕಿದ್ದಾರೆ. ಹಡಗು ಓಲಾಡಿದಾಗ ಪಾತ್ರೆ ಜಾರಬಾರದು. ಅಕ್ಕ ಸುತ್ತ ನೋಡಿ ಕೇಳಿದ ಮೊದಲ ಪ್ರಶ್ನೆ, “ಬೆಂಕಿ ಎಲ್ಲೈತ್ರೀ?”

“ಅಕ್ಕಾರ, ಇಲ್ಲಿ ಬೆಂಕಿ ಅನ್ನೋದs ಇಲ್ರೀ, ಎಲ್ಲಾ ಕರೆಂಟ್” ಎಂದ ಹುಡುಗ.

ಗ್ಯಾಸ್ ಇಲ್ಲ, ಬರೀ ವಿದ್ಯುತ್ ತಟ್ಟೆ, ಉಗಿ ಕಡಾಯಿ, ಓವನ್. ಎಣ್ಣೆ ಬಾಣಲೆಯ ಮೇಲೆ ಬೆಂಕಿ ನಂದಿಸುವ ನಳಿಕೆ ಕೂರಿಸಿದ್ದಾರೆ. ಬಿಸಿ ಮಿತಿ ಮೀರದಂತೆ ಕಾಯುವ ಒಂದು ಥರ್ಮೋಸ್ಟಾಟ್ ಕೆಟ್ಟರೆ ಎಣ್ಣೆ ಉರಿಯದಂತೆ ತಡೆಯಲು ಎರಡನೆಯದಿದೆ. ಹೊಗೆ ಕೊಳವೆಯಲ್ಲಿ ಜಿಡ್ಡು ಕಟ್ಟಿದರೆ ಬೆಂಕಿ ಅಲ್ಲಿಂದ ಮೇಲಿನ ಡೆಕ್ಕಿಗೆ ಏರುತ್ತದೆ, ಹಾಗಾಗಿ ಅದರೊಳಗೂ ಮುಚ್ಚುವ ಹಲಗೆ. ಜ್ವಾಲೆಯಿಲ್ಲದೆ ರೊಟ್ಟಿ ಉಬ್ಬಿಸುವುದು ಹೇಗೆ ಎಂಬುದೇ ಅಕ್ಕನ ಚಿಂತೆ. ಶೆಫ್ ಎರಡು ತಟ್ಟೆ ತೋರಿಸಿದರು, ಒಂದು ಹದ ಬಿಸಿ, ಒಂದು ಭರ್ತಿ ಬಿಸಿ. ಮೊದಲನೆಯದರಲ್ಲಿ ಎರಡೂ ಮೈ ಬಿಗಿಸಿ, ಎರಡನೆಯದರಲ್ಲಿ ಬಟ್ಟೆಯಿಂದ ಒತ್ತಿದರೆ ಚಪಾತಿ ಉಬ್ಬುತ್ತದೆ. ಜೋಳದ ರೊಟ್ಟಿ ಪ್ರಯತ್ನಿಸಿ ಬಿಟ್ಟಿದ್ದಾರಂತೆ, ತಟ್ಟುವಾಗ ಅಂಚು ಸೀಳುತ್ತದೆ ಎಂದರು. ಅಕ್ಕ ಹಿಟ್ಟಿನ ಡಬ್ಬಿ ತೆಗೆಸಿ ಬೆರಳಲ್ಲಿ ತಿಕ್ಕಿ ನೋಡಿ, “ಹಳೇ ಹಿಟ್ಟು, ಜಿಗಿ ಹೋಗೇತಿ. ಕುದಿಯೋ ನೀರಾಗ ನಾದ್ರಿ, ಬರತೈತಿ” ಎಂದರು. ಜೋಳದಲ್ಲಿ ಗೋಧಿಯ ಹಾಗೆ ಹಿಡಿದುಕೊಳ್ಳುವ ಅಂಟು ಇಲ್ಲ. ಕುದಿನೀರು ಪಿಷ್ಟವನ್ನು ಅರೆ ಬೇಯಿಸಿ ಆ ಕೆಲಸ ಮಾಡಿಸುತ್ತದೆ. ಶೆಫ್ ಬರೆದುಕೊಂಡರು.

ಜೈನ ಊಟಕ್ಕೆ ಬೇರೆ ಪಾತ್ರೆ, ಬೇರೆ ಮೂಲೆ. ಕೊಯ್ಯುವ ಹಲಗೆಗಳಿಗೆ ಬಣ್ಣ: ಕೆಂಪು ಹಸಿ ಮಾಂಸಕ್ಕೆ, ನೀಲಿ ಮೀನಿಗೆ, ಹಸಿರು ಹಣ್ಣು–ಸಲಾಡಿಗೆ, ಬಿಳಿ ಹಾಲು–ಬೇಕರಿಗೆ. ಪಾತ್ರೆ ತೊಳೆಯುವ ಯಂತ್ರದ ಕೊನೆಯ ನೀರು 82 ಡಿಗ್ರಿ.

ಅಲ್ಲಿ ನಿಂತು ಕಲಿಯಬೇಕಾದ್ದು ಉಳಿದ ಅನ್ನ–ಸಾರನ್ನು ತಣಿಸುವ ಕ್ರಮ. ಬೇಯಿಸಿದ್ದು 57 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೆ 5ಕ್ಕಿಂತ ಕೆಳಗಿರಬೇಕು; ನಡುವಿನದು ರೋಗಾಣು ಬೆಳೆಯುವ ಬಿಸಿ. ತಣಿಸುವಾಗ 57ರಿಂದ 21ಕ್ಕೆ ಎರಡು ತಾಸಿನೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ತಾಸಿನೊಳಗೆ ಇಳಿಯಲೇಬೇಕು, ಇಳಿಯದಿದ್ದರೆ ಚೆಲ್ಲಬೇಕು. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೇ ತಾಸುಗಟ್ಟಲೆ ಕುಳಿತರೆ ಮೊಳೆತು ವಿಷ ಬಿಡುತ್ತವೆ. ಆ ವಿಷದಲ್ಲಿ ಒಂದು ಬಗೆ ಮತ್ತೆ ಕಾಯಿಸಿದರೂ ಹೋಗದು. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ರಾತ್ರಿಯಿಡೀ ಬೆಚ್ಚಗಿರುತ್ತದೆ. ಇಲ್ಲಿ ಅದನ್ನು ಎರಡಿಂಚು ದಪ್ಪಕ್ಕಿಂತ ಹೆಚ್ಚಾಗದಂತೆ ಅಗಲ ತಟ್ಟೆಗಳಲ್ಲಿ ಹರಡಿ, ತಂಪು ಗಾಳಿ ಬೀಸುವ ಪೆಟ್ಟಿಗೆಯೊಳಗೆ ತಳ್ಳುತ್ತಾರೆ. ಥರ್ಮಾಮೀಟರಿನ ಸೂಜಿಯನ್ನು ಪ್ರತಿ ಸಲವೂ ಒರೆಸಿ, ತಿನಿಸಿನ ನಟ್ಟನಡುವೆ ಚುಚ್ಚಿ ನೋಡುತ್ತಾರೆ. ಆ ಥರ್ಮಾಮೀಟರೇ ಸರಿಯಿದೆಯೇ ಎಂದು ನೋಡಲು ಪುಡಿ ಮಂಜುಗಡ್ಡೆಯ ನೀರಿನಲ್ಲಿ ಅದ್ದುತ್ತಾರೆ, ಸೊನ್ನೆ ತೋರಿಸಬೇಕು.

ಲಾಂಡ್ರಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಲಿಲ್ಲ, ಆದರೆ ಹಾವೇರಿಯ ತಮ್ಮ ಅಷ್ಟರಲ್ಲೇ ಕೇಳಬೇಕಾದ್ದು ಕೇಳಿದ. ಪ್ರತಿ ಹಾಸಿಗೆಗೆ ಮೂರು ಜೊತೆ ಬಟ್ಟೆ: ಒಂದು ಹಾಸಿಗೆಯಲ್ಲಿ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಊಟದ ಕರವಸ್ತ್ರದ ಅರಿಶಿನದ ಕಲೆ ಬಿಸಿಲಿಲ್ಲದೆ ಹೇಗೆ ಹೋಗುತ್ತದೆ ಎಂಬುದು ಅವನ ಪ್ರಶ್ನೆ. ಸೋಪಿನ ಕ್ಷಾರ ತಾಗಿದಾಗ ಅರಿಶಿನ ಕೆಂಪಾಗುವುದು ನಾವೆಲ್ಲ ಕಂಡದ್ದೇ. ಊರಲ್ಲಿ ಬಿಸಿಲು ಅದನ್ನು ತೆಗೆಯುತ್ತದೆ, ಇಲ್ಲಿ ಪೆರಾಕ್ಸೈಡ್ ಬ್ಲೀಚು. ಒಣಗಿಸುವ ಯಂತ್ರಗಳ ಜಾಲರಿಯಲ್ಲಿ ಕೂಡುವ ಹತ್ತಿಯ ನವಿರು ಬಲು ಬೇಗ ಹೊತ್ತಿಕೊಳ್ಳುವಂಥದ್ದು. ಪಾಳಿಯಲ್ಲಿ ಹಲವು ಸಲ ತೆಗೆದು, ತೆಗೆದವರು ಪಟ್ಟಿಯಲ್ಲಿ ಸಹಿ ಹಾಕಬೇಕು. ತಮ್ಮ ತನ್ನ ಯಂತ್ರದ ಜಾಲರಿಯನ್ನು ಎಂದು ತೆಗೆದದ್ದೆಂದು ಯೋಚಿಸುತ್ತ ಹೊರಬಂದ.

ನೀರಿನ ವಿಭಾಗಕ್ಕೆ ಬಂದಾಗ ಎಲ್ಲರ ಕಿವಿಯೂ ನೆಟ್ಟಗಾಯಿತು. ಹುಬ್ಬಳ್ಳಿ–ಧಾರವಾಡದವರಿಗೆ ನೀರಿನ ಲೆಕ್ಕ ಹೇಳಿಕೊಡಬೇಕಿಲ್ಲ. ಮಲಪ್ರಭೆಯ ನೀರು ನವಿಲುತೀರ್ಥದಿಂದ ಬಂದು, ಎಷ್ಟೋ ಓಣಿಗಳಲ್ಲಿ ದಿನಗಟ್ಟಲೆ ಕಾದು ತುಂಬಿಕೊಂಡು ಬೆಳೆದವರು. ಕ್ರೂಸ್ ಹಡಗಿನಲ್ಲಿ ತಲೆಗೆ ದಿನಕ್ಕೆ 200ರಿಂದ 300 ಲೀಟರ್ ಖರ್ಚಾಗುತ್ತದೆ. ಪ್ರಯಾಣಿಕರು, ಸಿಬ್ಬಂದಿ ಸೇರಿ ಎರಡು ಸಾವಿರ ಜನರೆಂದರೂ ದಿನಕ್ಕೆ ನಾಲ್ಕರಿಂದ ಆರು ಲಕ್ಷ ಲೀಟರ್. ಬಹುಪಾಲು ಇಲ್ಲೇ ತಯಾರಾಗಬೇಕು.

ಅದಕ್ಕೆ ಎರಡು ದಾರಿ. ಒಂದು ಆರ್‌ಓ. ಮನೆಯ ಆರ್‌ಓಗೆ ಚಿಕ್ಕ ಪಂಪು ಸಾಕು, ಆದರೆ ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರನ್ನು ಪೊರೆಯಿಂದ ದಾಟಿಸಲು ಸುಮಾರು 60 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಅರವತ್ತು ಪಟ್ಟು ಒತ್ತಡ ಬೇಕು. ಇನ್ನೊಂದು ಬಟ್ಟಿ ಇಳಿಸುವುದು. ಎಂಜಿನ್ ತಣಿಸಿ ಬಂದ ಬಿಸಿನೀರಿನ ಶಾಖದಿಂದಲೇ ಸಮುದ್ರದ ನೀರನ್ನು ಕುದಿಸುತ್ತಾರೆ; ಪಾತ್ರೆಯೊಳಗಿನ ಗಾಳಿ ಎಳೆದು ಒತ್ತಡ ತಗ್ಗಿಸಿರುವುದರಿಂದ 50 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಹೇಗೂ ಹೊರಚೆಲ್ಲುವ ಬಿಸಿ ಅದು, ಅದಕ್ಕೆ ಬೇರೆ ಎಣ್ಣೆ ಸುಡಬೇಕಿಲ್ಲ. ಬಂದ ನೀರು ಸಪ್ಪೆ, ಕೊಳವೆಯನ್ನೂ ತಿನ್ನುತ್ತದೆ. ಸುಣ್ಣದ ಕಲ್ಲಿನ ಹರಳಿನ ಮೇಲೆ ಹರಿಸಿ ಖನಿಜ ಸೇರಿಸಿ, ಕ್ಲೋರಿನ್ ಹಾಕಿ ಟ್ಯಾಂಕಿಗೆ ಬಿಡುತ್ತಾರೆ. ಕೊಟ್ಟಕೊನೆಯ ನಲ್ಲಿಯಲ್ಲೂ ಹತ್ತು ಲಕ್ಷಕ್ಕೆ 0.2 ಭಾಗವಾದರೂ ಕ್ಲೋರಿನ್ ಉಳಿದಿರಬೇಕು. ಬಂದರಿನಲ್ಲಿ, ದಂಡೆಯ ಹತ್ತಿರ ನೀರು ತಯಾರಿಸುವುದಿಲ್ಲ, ಅಲ್ಲಿನ ನೀರಿನಲ್ಲಿ ಎಣ್ಣೆ, ಕೊಳಚೆ ಇರುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರನ್ನೂ ಹಿಡಿದು ಲಾಂಡ್ರಿಗೆ ಕಳಿಸುತ್ತಾರೆ. “ನಮ್ಮ ಓಣ್ಯಾಗ ಏಸಿ ನೀರು ರಸ್ತಾಕ್ಕ ಹರೀತೈತಿ ನೋಡ್ರಿ” ಎಂದರು ಕಾಕಾ.

ಕಸದ ಕೋಣೆಯಲ್ಲಿ ವಾಸನೆಯೇ ಇರಲಿಲ್ಲ, ಹಸಿಕಸವನ್ನು ತಂಪಿನಲ್ಲಿ ಇಡುತ್ತಾರೆ. ಗಾಜು ಪುಡಿ ಮಾಡಿ, ಡಬ್ಬಿ ಒತ್ತಿ ಕಟ್ಟುಕಟ್ಟಿ ದಂಡೆಗೆ ಇಳಿಸಲು ಇಡುತ್ತಾರೆ. ಪ್ಲಾಸ್ಟಿಕ್ ಒಂದು ಚೂರೂ ಸಮುದ್ರಕ್ಕೆ ಬೀಳಬಾರದೆಂಬುದು ಮಾರ್ಪೋಲ್ ಅಂತಾರಾಷ್ಟ್ರೀಯ ಒಪ್ಪಂದ. ಅರೆಯದ ಅನ್ನ–ತರಕಾರಿಯ ಕಸವನ್ನು ದಂಡೆಯಿಂದ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್ ಆಚೆ ಬಿಡಬಹುದು. 25 ಮಿಲಿಮೀಟರ್ ಜಾಲರಿ ದಾಟುವಷ್ಟು ಸಣ್ಣಗೆ ಅರೆದಿದ್ದರೆ 3 ನಾಟಿಕಲ್ ಮೈಲಿ ಆಚೆ. ಬಿಟ್ಟ ಸಮಯ, ಜಾಗ, ಪ್ರಮಾಣವನ್ನು ಪುಸ್ತಕದಲ್ಲಿ ಬರೆಯಬೇಕು. ಎಂಜಿನ್ ಕೋಣೆಯ ತಳದ ಎಣ್ಣೆನೀರನ್ನು ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಉಳಿಯದಂತೆ ಬೇರ್ಪಡಿಸದೆ ಬಿಡುವಂತಿಲ್ಲ. ತಟ್ಟೆಯಲ್ಲಿ ಹಲ್ಲುಕಡ್ಡಿ, ಕಾಗದ, ಪ್ಲಾಸ್ಟಿಕ್ ಚಮಚ ಬಿಟ್ಟು ಏಳಬೇಡಿ. ಕೆಳಗೆ ಒಬ್ಬ ಹುಡುಗ ಅದನ್ನೆಲ್ಲ ಕೈಯಿಂದ ಬೇರ್ಪಡಿಸುತ್ತಾನೆ.

ಎಂಜಿನ್ನಿನ ಹತ್ತಿರಕ್ಕೆ ಬಿಡಲಿಲ್ಲ, ನಿಯಂತ್ರಣ ಕೋಣೆಯ ಗಾಜಿನಾಚೆ ತೋರಿಸಿದರು. ಕಾಕಾನಿಗೆ ಅಷ್ಟೇ ಸಾಕಾಯಿತು. ಡೀಸೆಲ್ ಎಂಜಿನ್ ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಮೋಟಾರು ಹಡಗನ್ನು ತಳ್ಳುವ ಪಂಖ ತಿರುಗಿಸುತ್ತದೆ. ಶೆಡ್ಡಿನ ರೈಲು ಎಂಜಿನ್‌ಗಳದ್ದೂ ಇದೇ ಏರ್ಪಾಡು. ಅಲ್ಲಿನ, ಇಎಂಡಿ ಎಂಬ ಅಮೆರಿಕದ ಕಂಪನಿಯ ಹದಿನಾರು ಸಿಲಿಂಡರಿನ ಎಂಜಿನ್ ಎರಡು ಸ್ಟ್ರೋಕಿನದು, ಭರ್ತಿ ಓಟದಲ್ಲಿ ನಿಮಿಷಕ್ಕೆ 904 ಸುತ್ತು. ಇಲ್ಲಿನದು ನಾಲ್ಕು ಸ್ಟ್ರೋಕು, 514 ಸುತ್ತು. “514 ಯಾಕ್ರೀ, 500 ಯಾಕಲ್ಲ?” ಎಂದು ಕೇಳಿ, ಕಾಗದದ ಮೇಲೆ ಅವರೇ ಲೆಕ್ಕ ಹಾಕಿದರು. ಹಡಗಿನ ವಿದ್ಯುತ್ತು 60 ಹರ್ಟ್ಸ್, ಜನರೇಟರಿಗೆ 14 ಕಾಂತಧ್ರುವ. 120ನ್ನು 60ರಿಂದ ಗುಣಿಸಿ 14ರಿಂದ ಭಾಗಿಸಿದರೆ 514. ಎಂಜಿನಿಯರ್ ಎದ್ದು ಕೈಕುಲುಕಿದರು. ಒಂದು ಜನರೇಟರ್ ಏಕಾಏಕಿ ನಿಂತರೆ ಯಂತ್ರವೇ ಮೊದಲು ಏಸಿ, ಅಡುಗೆಮನೆಯಂಥ ತುರ್ತಲ್ಲದ ಲೋಡನ್ನು ಕತ್ತರಿಸುತ್ತದೆ. ಚುಕ್ಕಾಣಿಗೆ ಕರೆಂಟ್ ತಪ್ಪುವುದಿಲ್ಲ. ಎಲ್ಲವೂ ನಿಂತರೆ 45 ಸೆಕೆಂಡಿನೊಳಗೆ ತುರ್ತು ಜನರೇಟರ್ ತಾನಾಗಿ ಶುರುವಾಗಿ 36 ತಾಸು ನಡೆಯಬೇಕು. ಅದನ್ನು ಎಂಜಿನ್ ಕೋಣೆಯಲ್ಲಿ ಇಡುವುದಿಲ್ಲ, ಮೇಲಿನ ಡೆಕ್ಕಿನಲ್ಲಿ ಇಡುತ್ತಾರೆ, ಕೆಳಗೆ ನೀರು–ಬೆಂಕಿ ಬಂದರೂ ಅದು ಉಳಿಯಬೇಕು.

ಹಡಗು ನಡೆಸುವ ಕೋಣೆಯಾದ ಬ್ರಿಜ್ ಎಲ್ಲರ ಆಸೆಯ ಜಾಗವಾದರೂ ನೋಡಲು ಇರುವುದು ಕಡಿಮೆ: ಪರದೆಗಳು, ದುರ್ಬೀನು, ಮೌನ. ಅಧಿಕಾರಿಗಳ ಪಾಳಿ ನಾಲ್ಕು ತಾಸು ಕೆಲಸ, ಎಂಟು ತಾಸು ಬಿಡುವು. ರಾಡಾರಿನಲ್ಲಿ ದೊಡ್ಡ ಹಡಗು ಸಲೀಸಾಗಿ ಕಾಣುತ್ತದೆ. ಕೊಂಕಣದ ಚಿಕ್ಕ ಮೀನುದೋಣಿ, ಬಲೆಯ ತೇಲುಗುಂಡು ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ ರಾತ್ರಿ ದೀಪ ಆರಿಸಿ ಕಣ್ಣಿಂದಲೇ ಕಾವಲು. ಓಲಾಟ ತಗ್ಗಿಸಲು ಮಗ್ಗುಲಲ್ಲಿ ರೆಕ್ಕೆಗಳಿವೆ. ಅವು ಎಡ–ಬಲದ ಓಲಾಟವನ್ನಷ್ಟೇ ತಡೆಯುತ್ತವೆ, ಮೂತಿ ಏರಿಳಿಯುವುದನ್ನಲ್ಲ.

ಸಂಜೆ ಬ್ಯಾಡಗಿಯ ಹುಡುಗ ಬಿಡುವಿನಲ್ಲಿ ಸಿಕ್ಕ. ಹಡಗಿನ ಕೆಲಸಕ್ಕೆ ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕರ ಪುಸ್ತಕ, ಬೆಂಕಿ ನಂದಿಸುವುದು–ಕಡಲಲ್ಲಿ ಜೀವ ಉಳಿಸಿಕೊಳ್ಳುವುದು–ಪ್ರಥಮ ಚಿಕಿತ್ಸೆಯ ಎಸ್‌ಟಿಸಿಡಬ್ಲ್ಯೂ ತರಬೇತಿ, ವೈದ್ಯರ ಪ್ರಮಾಣಪತ್ರ ಬೇಕು. ಕರಾರು ಆರರಿಂದ ಒಂಬತ್ತು ತಿಂಗಳು, ನಡುವೆ ವಾರದ ರಜೆ ಎಂಬುದಿಲ್ಲ. ದಿನಕ್ಕೆ ಹತ್ತು ತಾಸು ವಿಶ್ರಾಂತಿ ಕೊಡಲೇಬೇಕೆಂಬುದು 2006ರ ಕಡಲ ಕಾರ್ಮಿಕ ಒಪ್ಪಂದದ ನಿಯಮ. ಅದೇ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಹಣ ಕೀಳುವಂತಿಲ್ಲ. “ಊರ ಹುಡುಗ್ರಿಗೆ ಹೇಳ್ರಿ ಕಾಕಾ, ಲಕ್ಷ ಕೊಡು ಅನ್ನೋ ಏಜೆಂಟ್ ಕಡೆ ಹೋಗಬ್ಯಾಡ್ರಿ ಅಂತ. ಆರ್‌ಪಿಎಸ್‌ಎಲ್ ಲೈಸೆನ್ಸ್ ಐತೇನ್ ಮೊದಲ ನೋಡಬೇಕ್ರಿ” ಎಂದ. ನಾವಿಕರನ್ನು ಕೆಲಸಕ್ಕೆ ಸೇರಿಸುವ ಏಜೆಂಟರಿಗೆ ಆ ಲೈಸೆನ್ಸ್ ಕೊಡುವುದು ಕೇಂದ್ರ ನೌಕಾಯಾನ ಮಹಾನಿರ್ದೇಶನಾಲಯ. ಅವರ ಜಾಲತಾಣದಲ್ಲಿ ಏಜೆಂಟನ ಹೆಸರು ಹುಡುಕಿ ನೋಡಿದ ಮೇಲೆಯೇ ಕಾಗದಪತ್ರ ಕೊಡಿ. ಹಾವೇರಿ, ಗದಗ ಕಡೆಯ ಮನೆಗಳಲ್ಲಿ ಈ ಮಾತು ಗೊತ್ತಾಗುವುದು ನಿಜಕ್ಕೂ ಅಗತ್ಯ.

ನಾಲ್ಕನೆಯ ದಿನ: ಮುರ್ಗಾಂವ್, ಘಟ್ಟ, ಊರು

ಬೆಳಿಗ್ಗೆ ಗೋವಾದ ಮುರ್ಗಾಂವ್ ಬಂದರು. ದೊಡ್ಡ ಬ್ಯಾಗುಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಬೇಕು, ತೊಡುವ ಬಟ್ಟೆ ಅದರೊಳಗೆ ಸೇರದಂತೆ ನೋಡಿಕೊಳ್ಳಿ. ರಸೀದಿ ಕೊಟ್ಟು ಕಾಕಾ ಕೆಟಲ್, ಇಸ್ತ್ರಿ ಪೆಟ್ಟಿಗೆ ಬಿಡಿಸಿಕೊಂಡರು. ಇಳಿಯುವ ಸಾಲು ಮೊದಲ ತಾಸಿನಲ್ಲಿ ವಿಪರೀತ; ಒಂದು ಚಹಾ ಕುಡಿದು ಕೊನೆಗೆ ಹೊರಟರೆ ನಿಲ್ಲುವ ಗೋಜಿಲ್ಲ. ವಾಸ್ಕೊ ಸ್ಟೇಷನ್ ಹತ್ತಿರವೇ.

ಅಲ್ಲಿಂದ ಹತ್ತಿದ ರೈಲು ಘಟ್ಟದ ಬುಡದ ಕುಳೆಂ ಮುಟ್ಟಿದಾಗ ಕಾಕಾ ಬಾಗಿಲಿಗೆ ಹೋಗಿ ನಿಂತರು. ಇಲ್ಲಿಂದ ಕ್ಯಾಸಲ್‌ರಾಕ್‌ವರೆಗೆ ಏರು 37ಕ್ಕೆ 1, ಅಂದರೆ 37 ಮೀಟರ್ ಹೋದರೆ ಒಂದು ಮೀಟರ್ ಏರು. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಅವರ ಶೆಡ್ಡಿನ ಡೀಸೆಲ್‌ಗಳು ವರ್ಷಗಟ್ಟಲೆ ಮಾಡಿದ ಕೆಲಸ ಇದು. ದೂಧ್‌ಸಾಗರ ಜಲಪಾತ ನೋಡಬೇಕೆಂದರೆ ಘಟ್ಟ ಹತ್ತುವಾಗ ಬಲಗಡೆ ಕೂರಿ. ಮಳೆಗಾಲ ಮುಗಿದು ತಿಂಗಳಾದರೂ ನೀರು ಇತ್ತು. ಲೋಂಡಾದಲ್ಲಿ ಬಿಸಿ ವಡಾ, ಅಳ್ನಾವರ ದಾಟಿದ ಮೇಲೆ ಒಣ ಗಾಳಿ.

ಧಾರವಾಡದಲ್ಲಿ ಇಳಿದ ಅಕ್ಕ ಮರುವಾರದೊಳಗೆ ಖಾನಾವಳಿಯ ಪದ್ಧತಿ ಬದಲಿಸಿದರು. ರಟ್ಟಿನ ಡಬ್ಬಗಳು ಈಗ ಬಾಗಿಲಲ್ಲೇ ಖಾಲಿಯಾಗಿ ಹೊರಗೆ ಉಳಿಯುತ್ತವೆ. ಉಳ್ಳಾಗಡ್ಡಿ–ಹಸಿಮೆಣಸಿಗೆ ಒಂದು ಹಲಗೆ, ಸೌತೆ–ಮೂಲಂಗಿ ಪಚಡಿಗೆ ಇನ್ನೊಂದು. ರಾತ್ರಿ ಉಳಿದ ಅನ್ನವನ್ನು ಬೋಗುಣಿಯಲ್ಲಿ ಮುಚ್ಚಿಡದೆ ಸ್ಟೀಲ್ ಪರಾತದಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಆರಿಸಿ ಫ್ರಿಜ್ಜಿಗೆ ಇಡುತ್ತಾರೆ. ಸಾರಿನ ಪಾತ್ರೆಯನ್ನು ತಣ್ಣೀರಿನ ಹರಿವಾಣದಲ್ಲಿ ಕೂರಿಸಿ ಆಗಾಗ ಕೈಯಾಡಿಸುತ್ತಾರೆ, ನೀರು ಬೆಚ್ಚಗಾದಂತೆ ಬದಲಿಸುತ್ತಾರೆ. ಸೂಜಿಯ ಥರ್ಮಾಮೀಟರ್ ಆನ್‌ಲೈನಿನಲ್ಲಿ ತರಿಸಿದ ದಿನ, ಮೊದಲು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ನೋಡಿದರು. ಎರಡು ಡಿಗ್ರಿ ತೋರಿಸಿತು. ಅದನ್ನು ವಾಪಸ್ಸು ಕಳಿಸಿ ಇನ್ನೊಂದು ತರಿಸಿದ್ದಾರೆ.